ಡಬ್ಬಿಯ ಟ್ಯೂನಾ: ಬೆಂದದ್ದನ್ನು ಮತ್ತೆ ಬೇಯಿಸುವ ತಪ್ಪು

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ರಾತ್ರಿ ಮನೆ ಸೇರಿದ ಮೇಲೆ ಮೀನು ತಂದು, ಹೆಚ್ಚಿ, ತೊಳೆದು ಅಡುಗೆ ಮಾಡುವಷ್ಟು ತ್ರಾಣ ಇರುವುದಿಲ್ಲ. ಸುಲಭವಾದೀತು ಎಂದು ಹನ್ನೆರಡು ಡಬ್ಬಿ ಟ್ಯೂನಾ ಒಟ್ಟಿಗೆ ತರಿಸಿದೆ. ಅರ್ಧ ನೀರಿನಲ್ಲಿ ಹಾಕಿದ್ದು, ಅರ್ಧ ಎಣ್ಣೆಯಲ್ಲಿ ಹಾಕಿದ್ದು. ಮೊದಲನೆಯದನ್ನು ಈರುಳ್ಳಿ, ಮಸಾಲೆಯೊಂದಿಗೆ ಇಪ್ಪತ್ತು ನಿಮಿಷ ಬೇಯಿಸಿದೆ. ಮರದ ಹೊಟ್ಟಿನಂತಾಯಿತು, ಮನೆಯೆಲ್ಲ ವಾಸನೆ. ಎರಡನೆಯದರಲ್ಲಿ ಗಾಜಿನ ಚೂರಿನಂಥದ್ದು ಸಿಕ್ಕಿ, ಹೆದರಿ ಎಸೆದೆ. ಔಷಧಿ ಹಾಕದೆ ಮೀನು ವರ್ಷಗಟ್ಟಲೆ ಹೇಗೆ ಉಳಿದೀತು ಎನ್ನುತ್ತಾರೆ ನಮ್ಮ ಅತ್ತೆ. ಸಹೋದ್ಯೋಗಿಯೊಬ್ಬರು ಪಾದರಸದ ಮಾತೆತ್ತಿ ಹೆದರಿಸಿದ್ದಾರೆ. ನಾನು ಐದು ತಿಂಗಳ ಗರ್ಭಿಣಿ, ಮಗನಿಗೆ ಆರು ವರ್ಷ, ಪತಿಗೆ ರಕ್ತದೊತ್ತಡವಿದೆ. ಉಳಿದ ಹತ್ತು ಡಬ್ಬಿಗಳನ್ನು ಬಳಸಲೇ, ಬೇಡವೇ? ಬಳಸುವುದಾದರೆ ಹೇಗೆ?

ಉತ್ತರ: ಬಳಸಿ. ಆದರೆ ಯಾರಿಗೆ ಎಷ್ಟು ಎನ್ನುವುದಕ್ಕೆ ಲೆಕ್ಕವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೊಟ್ಟಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಅತಿ ಚಿಕ್ಕದಾಗಿ ಕಾಣುವ ದೂರು ಅದು. ಉಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ಇರುವುದೂ ಅದರಲ್ಲೇ.

ಡಬ್ಬಿಯೊಳಗೆ ಇರುವುದು ಹಸಿ ಮೀನಲ್ಲ. ಆಹಾರ ಸಂಸ್ಕರಣಾ ಘಟಕವೊಂದರ ಗುಣಮಟ್ಟ ವಿಭಾಗದಲ್ಲಿ ಕೆಲವು ವರ್ಷ ದುಡಿದವಳು ನಾನು. ಈ ಮೀನು ಪಡುವ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ಸಾಮಾನ್ಯವಾಗಿ ಇಡೀ ಮೀನನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಚರ್ಮ, ಮುಳ್ಳು, ಕಪ್ಪು ಮಾಂಸವನ್ನು ತೆಗೆದು, ತಿಳಿ ಬಣ್ಣದ ಮಾಂಸವನ್ನಷ್ಟೇ ಡಬ್ಬಿಗೆ ತುಂಬುತ್ತಾರೆ. ನೀರನ್ನೋ ಎಣ್ಣೆಯನ್ನೋ ಹಾಕಿ, ಗಾಳಿಯಾಡದಂತೆ ಮುಚ್ಚಿ, ಒತ್ತಡದ ಹಬೆಯಲ್ಲಿ ಸುಮಾರು 115ರಿಂದ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮತ್ತೆ ಬೇಯಿಸುತ್ತಾರೆ. ಅಂದರೆ ಎರಡು ಸಲ ಬೆಂದು ನಿಮ್ಮ ಕೈಗೆ ಬಂದದ್ದನ್ನು ನೀವು ಮೂರನೆಯ ಸಲ, ಅದೂ ಇಪ್ಪತ್ತು ನಿಮಿಷ, ಬೇಯಿಸಿದಿರಿ. ಟ್ಯೂನಾದಲ್ಲಿ ಕೊಬ್ಬು ಕಡಿಮೆ. ಶಾಖ ತಾಗಿದಷ್ಟೂ ಅದರ ಪ್ರೋಟೀನು ಬಿಗಿದು, ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಉಳಿಯುವುದು ನಾರು. ಮಸಾಲೆ ಎಷ್ಟೇ ಚೆನ್ನಾಗಿರಲಿ, ಆ ನಾರಿಗೆ ಹಿಡಿಯುವುದಿಲ್ಲ.

ಹಾಗಾಗಿ ಇದನ್ನು ಮೀನೆಂದು ಭಾವಿಸುವುದಕ್ಕಿಂತ ಬೇಯಿಸಿ ಇಟ್ಟ ಮೊಟ್ಟೆ ಎಂದು ಭಾವಿಸಿ. ಬೆಂದ ಮೊಟ್ಟೆಯನ್ನು ಸಾರಿನಲ್ಲಿ ಇಪ್ಪತ್ತು ನಿಮಿಷ ಕುದಿಸುವವರುಂಟೇ? ಕೊನೆಯಲ್ಲಿ ಸೇರಿಸಿ, ಬಿಸಿ ಹಿಡಿದ ಕೂಡಲೇ ಇಳಿಸುತ್ತೇವೆ. ಟ್ಯೂನಾಕ್ಕೂ ಅದೇ ನ್ಯಾಯ.

ಇನ್ನು ಅತ್ತೆಯವರ ಅನುಮಾನ. ಅದು ಬಹಳ ಜನರಿಗಿದೆ, ತಳ್ಳಿಹಾಕುವಂಥದ್ದೂ ಅಲ್ಲ. ಫ್ರಿಜ್ಜಿನಲ್ಲೂ ನಾಲ್ಕು ದಿನ ತಡೆಯದ ಮೀನು ಕಪಾಟಿನಲ್ಲಿ ಮೂರು ವರ್ಷ ಕೂತಿರುತ್ತದೆ ಎಂದರೆ ಯಾರಿಗಾದರೂ ಸಂಶಯ ಬರಬೇಕಾದದ್ದೇ. ಆದರೆ ಕೆಡದಂತೆ ಕಾಯುವುದು ಔಷಧಿಯಲ್ಲ, ಶಾಖ ಮತ್ತು ಮುಚ್ಚಳ. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳೆಲ್ಲ ಮುಚ್ಚಿದ ಡಬ್ಬಿಯೊಳಗೇ ಸತ್ತಿರುತ್ತವೆ, ಹೊಸವು ಒಳಹೋಗಲು ದಾರಿಯಿಲ್ಲ. ಫ್ರಾನ್ಸಿನ ನಿಕೋಲಾ ಅಪೆರ್ ಎಂಬಾತ ಗಾಜಿನ ಬಾಟಲಿಗಳಲ್ಲಿ ಆಹಾರ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿನೀರಿನಲ್ಲಿ ಬೇಯಿಸಿ ಕೆಡದಂತೆ ಉಳಿಸುವ ವಿಧಾನವನ್ನು 1810ರಲ್ಲಿ ಪ್ರಕಟಿಸಿ, ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಅದು ಏಕೆ ಕೆಡುವುದಿಲ್ಲ ಎಂದು ಆತನಿಗೂ ಗೊತ್ತಿರಲಿಲ್ಲ. ಕೆಡಿಸುವುದು ಸೂಕ್ಷ್ಮಜೀವಿಗಳು ಎಂದು ಲೂಯಿ ಪಾಶ್ಚರ್ ತೋರಿಸಿಕೊಡಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಡಬ್ಬಿಯಲ್ಲಿರುವ ಉಪ್ಪು ರುಚಿಗೆ ಹಾಕಿದ್ದು. ಉಪ್ಪಿಲ್ಲದ ಟ್ಯೂನಾವೂ ಅಷ್ಟೇ ಕಾಲ ಉಳಿಯುತ್ತದೆ.

ಹೊದಿಕೆಯ ಮೇಲಿನ ಪಟ್ಟಿಯಲ್ಲಿ ಕೆಲವೊಮ್ಮೆ ‘ಪೈರೋಫಾಸ್ಫೇಟ್’ ಎಂದಿರುತ್ತದೆ. ಅತ್ತೆಯವರಿಗೆ ತೋರಿಸಿದರೆ ‘ನೋಡು, ಇದೇ ಔಷಧಿ’ ಎನ್ನಬಹುದು. ಅಲ್ಲ, ಅದನ್ನು ಹಾಕುವುದು ನೀವು ಕಂಡ ಆ ಗಾಜಿನ ಚೂರು ಹುಟ್ಟದಿರಲಿ ಎಂದು. ಮೀನಿನಲ್ಲಿ ಸಹಜವಾಗಿಯೇ ಇರುವ ಮೆಗ್ನೀಸಿಯಮ್, ಫಾಸ್ಫೇಟ್ ಮತ್ತು ಅಮೋನಿಯಾ ಡಬ್ಬಿ ಬೆಂದು ತಣಿದ ಮೇಲೆ ಒಂದಾಗಿ ಹರಳುಗಟ್ಟುವುದುಂಟು. ಈ ಹರಳಿಗೆ ಸ್ಟ್ರೂವೈಟ್ ಎಂದು ಹೆಸರು. ನೋಡಲು ಥೇಟು ಗಾಜು, ನಿರಪಾಯಕಾರಿ. ಘಟಕದಲ್ಲಿದ್ದಾಗ ‘ಡಬ್ಬಿಯಲ್ಲಿ ಗಾಜು’ ಎಂಬ ದೂರು ಬಂದರೆ ನಾವು ಮೊದಲು ಕೈಗೆತ್ತಿಕೊಳ್ಳುತ್ತಿದ್ದುದು ವಿನೆಗರ್ ಬಾಟಲಿಯನ್ನು. ಚೂರನ್ನು ಸ್ವಲ್ಪ ವಿನೆಗರ್ ಅಥವಾ ನಿಂಬೆರಸದಲ್ಲಿ ಹಾಕಿ ಕೆಲವು ನಿಮಿಷ ಹದವಾಗಿ ಬಿಸಿ ಮಾಡಿದರೆ ಸ್ಟ್ರೂವೈಟ್ ಕರಗುತ್ತದೆ, ಗಾಜು ಕರಗುವುದಿಲ್ಲ. ನೀವು ಎಸೆದದ್ದಕ್ಕೆ ತಪ್ಪೆಣಿಸುವುದಿಲ್ಲ. ಪರೀಕ್ಷೆ ಗೊತ್ತಿಲ್ಲದಿದ್ದಾಗ ಎಸೆಯುವುದೇ ಸರಿ. ಮುಂದೆ ಸಿಕ್ಕರೆ ಪರೀಕ್ಷಿಸಿ. ಕರಗದಿದ್ದರೆ ಡಬ್ಬಿಯನ್ನು ಹಾಗೇ ಇಟ್ಟುಕೊಂಡು ಮಾರಿದವರಿಗೆ ದೂರು ಕೊಡಿ.

ನಿಜವಾಗಿ ಹೆದರಬೇಕಾದ ಡಬ್ಬಿ ಬೇರೆಯದು. ಉಬ್ಬಿದ್ದು, ಸೋರುತ್ತಿರುವುದು, ತೆರೆದಾಗ ಒಳಗಿನದು ರಭಸದಿಂದ ಚಿಮ್ಮುವುದು, ಅಂಚಿನ ಬೆಸುಗೆಯ ಮೇಲೆಯೇ ಆಳವಾಗಿ ನೆಗ್ಗಿರುವುದು: ಇವನ್ನು ರುಚಿ ನೋಡುವುದೂ ಬೇಡ. ಬಾಟುಲಿಸಂ ಎಂಬ ಮಾರಕ ಆಹಾರವಿಷವನ್ನು ತರುವ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಕಾರ್ಖಾನೆಯಲ್ಲಿ ನೂರು ಡಿಗ್ರಿ ದಾಟಿಸುವುದೇ ಅದಕ್ಕಾಗಿ. ಮೈಮೇಲಿನ ಸಣ್ಣ ನೆಗ್ಗು, ಒರೆಸಿದರೆ ಹೋಗುವ ತುಕ್ಕು ತೊಂದರೆಯಲ್ಲ. ನಿಮ್ಮ ಹತ್ತು ಡಬ್ಬಿಗಳನ್ನೂ ಒಮ್ಮೆ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ. ಎರಡು ನಿಮಿಷದ ಕೆಲಸ.

ಈಗ ಪಾದರಸ. ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಸುಳ್ಳಿಲ್ಲ, ಅರ್ಧ ಮಾತಿದೆ. ಪಾದರಸ ಡಬ್ಬಿಯಿಂದ ಬರುವುದಲ್ಲ, ಸಮುದ್ರದಿಂದ ಬರುವುದು. ನೀರಿಗೆ ಸೇರಿದ ಪಾದರಸವನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದು ಸಣ್ಣ ಜೀವಿಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಸಾಂದ್ರವಾಗುತ್ತದೆ. ಮೀನು ದೊಡ್ಡದಾದಷ್ಟೂ, ಹೆಚ್ಚು ವರ್ಷ ಬದುಕಿದಷ್ಟೂ ಪಾದರಸ ಹೆಚ್ಚು. ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುವುದರಿಂದ ತೊಳೆದರೂ ಹೋಗದು, ನೀರು ಚೆಲ್ಲಿದರೂ ಹೋಗದು, ನಿಮ್ಮ ಇಪ್ಪತ್ತು ನಿಮಿಷದ ಬೇಯಿಸುವಿಕೆಗೂ ಹೋಗದು. ಆದ್ದರಿಂದ ನಿಮ್ಮ ಕೈಯಲ್ಲಿರುವುದು ಎರಡೇ: ಯಾವ ಜಾತಿಯ ಟ್ಯೂನಾ ಆರಿಸುತ್ತೀರಿ, ವಾರಕ್ಕೆ ಎಷ್ಟು ತಿನ್ನುತ್ತೀರಿ.

‘ಟ್ಯೂನಾ’ ಎಂಬುದು ಒಂದೇ ಮೀನಿನ ಹೆಸರಲ್ಲ. ಡಬ್ಬಿಗೆ ಹೆಚ್ಚಾಗಿ ಹೋಗುವುದು ಸ್ಕಿಪ್‌ಜ್ಯಾಕ್. ಚಿಕ್ಕದು, ಬೇಗ ಬೆಳೆಯುವಂಥದ್ದು. ಹೊದಿಕೆಯ ಮೇಲೆ ‘ಲೈಟ್’ ಎಂದಿದ್ದರೆ ಬಹುಪಾಲು ಇದೇ. ‘ವೈಟ್’ ಎಂದಿದ್ದರೆ ಆಲ್ಬಕೋರ್. ಅದು ಬಿಳುಪು, ಗಟ್ಟಿ ಹೋಳು, ರುಚಿ ಸೌಮ್ಯ, ಒಮೆಗಾ-3 ಕೂಡ ಹೆಚ್ಚು. ಆದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪರೀಕ್ಷೆಗಳಲ್ಲಿ ಡಬ್ಬಿಯ ಲೈಟ್ ಟ್ಯೂನಾದ ಸರಾಸರಿ ಪಾದರಸ ಕಿಲೋಗೆ ಸುಮಾರು 0.13 ಮಿಲಿಗ್ರಾಂ ಇದ್ದರೆ, ಆಲ್ಬಕೋರ್‌ನದು 0.35. ಹೆಚ್ಚುಕಡಿಮೆ ಮೂರು ಪಟ್ಟು. ತೌಲನಿಕವಾಗಿ ಹೇಳುವುದಾದರೆ ಶಾರ್ಕ್, ಕತ್ತಿಮೀನುಗಳಲ್ಲಿ ಅದು ಒಂದು ಮಿಲಿಗ್ರಾಂ ಹತ್ತಿರ ಇರುತ್ತದೆ. ಗರ್ಭಿಣಿಯರು ಅವುಗಳಿಂದ ದೂರ ಇರಬೇಕು.

ನಿಮ್ಮ ಲೆಕ್ಕಕ್ಕೆ ಬರೋಣ. ಅದೇ ಸಂಸ್ಥೆಯ ಸಲಹೆಯಂತೆ ಗರ್ಭಿಣಿಯರು ಲೈಟ್ ಟ್ಯೂನಾದಂಥ ಕಡಿಮೆ ಪಾದರಸದ ಮೀನನ್ನು ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು 113 ಗ್ರಾಂ ತಿನ್ನಬಹುದು. ಆಲ್ಬಕೋರ್ ಆದರೆ ವಾರಕ್ಕೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ. ಆರು ವರ್ಷದ ಮಗುವಿಗೆ ಲೈಟ್ ಮಾತ್ರ, ವಾರಕ್ಕೆ ಎರಡು ಸಲ, ಸಲಕ್ಕೆ 57 ಗ್ರಾಂ. ನೆನಪಿಡಿ, ಇದು ವಾರದ ಒಟ್ಟು ಮೀನಿನ ಲೆಕ್ಕ. ಬೇರೆ ಮೀನು ತಿಂದರೆ ಇದರಲ್ಲೇ ಕಳೆಯಬೇಕು. ದೇಶದಿಂದ ದೇಶಕ್ಕೆ ಸಲಹೆ ಬದಲಾಗುತ್ತದೆ: ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಗರ್ಭಿಣಿಯರಿಗೆ ವಾರಕ್ಕೆ ನಾಲ್ಕು ಡಬ್ಬಿಯವರೆಗೂ ಅವಕಾಶ ಕೊಡುತ್ತದೆ. ನನ್ನ ಬಳಿ ಕೇಳಿದವರಿಗೆ ನಾನು ಕಡಿಮೆ ಅಂಕಿಯನ್ನೇ ಹೇಳುತ್ತೇನೆ. ಹಾಗೆಂದು ಹೆದರಿ ಮೀನನ್ನೇ ಬಿಡಬೇಡಿ. ಮಗುವಿನ ಮಿದುಳಿನ ಬೆಳವಣಿಗೆಗೆ ಬೇಕಾದ ಒಮೆಗಾ-3, ಅಯೋಡಿನ್ ಮೀನಿನಲ್ಲಿವೆ. ಪೂರ್ತಿ ಬಿಟ್ಟರೆ ಅದೂ ಒಂದು ನಷ್ಟ.

ಸಾಧಾರಣ ಡಬ್ಬಿಯಲ್ಲಿ ನೀರು ಬಸಿದ ಮೇಲೆ ಉಳಿಯುವ ಮೀನು 100ರಿಂದ 130 ಗ್ರಾಂ. ಅಂದರೆ ಲೈಟ್ ಟ್ಯೂನಾ ಆದರೆ ವಾರಕ್ಕೆ ನಿಮಗೆ ಎರಡು ಡಬ್ಬಿ, ಮಗನಿಗೆ ಒಂದು ಡಬ್ಬಿಯನ್ನು ಎರಡು ಊಟಕ್ಕೆ ಹಂಚಿ.

ಪತಿಯ ವಿಷಯದಲ್ಲಿ ಲಕ್ಷ್ಯ ಇಡಬೇಕಾದದ್ದು ಉಪ್ಪಿನ ಮೇಲೆ. ಪೊಟ್ಟಣದ ಮೇಲೆ ಸೋಡಿಯಂ ಎಷ್ಟೆಂದು ಓದಿ. ನೂರು ಗ್ರಾಂ ಮೀನಿಗೆ 300 ಮಿಲಿಗ್ರಾಂ ಆಚೀಚೆ ಇರುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2,000 ಮಿಲಿಗ್ರಾಂ. ಮೀನನ್ನು ಜರಡಿಯಲ್ಲಿ ಹಾಕಿ ಒಂದು ನಿಮಿಷ ತಣ್ಣೀರಿನಲ್ಲಿ ತೊಳೆದರೆ ಉಪ್ಪು ಗಣನೀಯವಾಗಿ ಇಳಿಯುತ್ತದೆ. ರುಚಿಯೂ ಸ್ವಲ್ಪ ಇಳಿಯುತ್ತದೆ, ಅದನ್ನು ನಿಂಬೆ, ಮೆಣಸು ತುಂಬಿಕೊಡುತ್ತವೆ. ತೊಳೆಯಲಿ ತೊಳೆಯದಿರಲಿ, ಟ್ಯೂನಾ ಹಾಕುವ ಅಡುಗೆಗೆ ಮೊದಲೇ ಉಪ್ಪು ಹಾಕಬೇಡಿ. ಕೊನೆಯಲ್ಲಿ ರುಚಿ ನೋಡಿ ಬೇಕಾದರೆ ಹಾಕಿ. ಬಹುತೇಕ ಬೇಕಾಗುವುದಿಲ್ಲ.

ಮತ್ತೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನರಿಗೆ ಇದು ತಿಳಿದಿರುವುದಿಲ್ಲ. ಕ್ಷಯರೋಗಕ್ಕೆ ಐಸೋನಿಯಾಜಿಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮನೆಯಲ್ಲಿದ್ದರೆ ಅವರಿಗೆ ಟ್ಯೂನಾ ಬೇಡ. ಈ ಮೀನಿನಲ್ಲಿ ಇರಬಹುದಾದ ಹಿಸ್ಟಮೈನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ದೇಹದಲ್ಲಿ ಕರಗದಂತೆ ಆ ಮಾತ್ರೆ ತಡೆಯುತ್ತದೆ. ಮುಖ ಕೆಂಪೇರಿ, ತಲೆನೋವು, ಎದೆಬಡಿತ ಕಾಣಿಸಿಕೊಳ್ಳುತ್ತವೆ.

ಹಿಸ್ಟಮೈನ್ ಎಂದೆ. ಅಡುಗೆಮನೆಯಲ್ಲಿ ನಿಮ್ಮ ಜವಾಬ್ದಾರಿ ಶುರುವಾಗುವುದು ಇಲ್ಲಿಂದಲೇ. ಮುಚ್ಚಿದ ಡಬ್ಬಿ ಎಷ್ಟು ಸುರಕ್ಷಿತವೋ ತೆರೆದ ಡಬ್ಬಿ ಅಷ್ಟೇ ನಾಜೂಕು. ಗಾಳಿ, ಚಮಚ, ಕೈಯಿಂದ ಬ್ಯಾಕ್ಟೀರಿಯಾ ಸೇರಿದ ಮೇಲೆ, ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ, ಟ್ಯೂನಾದ ಮಾಂಸದಲ್ಲಿ ಯಥೇಚ್ಛವಾಗಿರುವ ಹಿಸ್ಟಿಡಿನ್ ಎಂಬ ಅಂಶವನ್ನು ಅವು ಹಿಸ್ಟಮೈನ್ ಆಗಿ ಬದಲಿಸುತ್ತವೆ. ಒಮ್ಮೆ ಹುಟ್ಟಿದರೆ ಮತ್ತೆ ಬಿಸಿ ಮಾಡಿದರೂ ಅದು ನಾಶವಾಗದು. ವಾಸನೆಯಿಂದಲೂ ಗೊತ್ತಾಗಬೇಕೆಂದಿಲ್ಲ, ಕೆಲವರಿಗೆ ನಾಲಿಗೆಯ ಮೇಲೆ ಮೆಣಸು ಕಡಿದಂತೆ ಚುರುಗುಟ್ಟುತ್ತದೆ, ಹಾಗಾದರೆ ಅಲ್ಲಿಗೇ ನಿಲ್ಲಿಸಿ. ಹೀಗಾಗಿ ತೆರೆದ ಡಬ್ಬಿಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು, ಸೆಕೆಗಾಲದಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ. ಉಳಿದದ್ದನ್ನು ಮುಚ್ಚಳವಿರುವ ಗಾಜಿನ ಡಬ್ಬಕ್ಕೆ ವರ್ಗಾಯಿಸಿ ಫ್ರಿಜ್ಜಿನಲ್ಲಿಡಿ. ತೆರೆದ ತಗಡಿನಲ್ಲೇ ಇಟ್ಟರೆ ‘ವಿಷವಾಗುತ್ತದೆ’ ಎಂಬುದು ಉತ್ಪ್ರೇಕ್ಷೆ, ಲೋಹದ ರುಚಿ ಬರುತ್ತದೆ ಎಂಬುದು ನಿಜ. ಹಾಗೆಯೇ ಡಬ್ಬಿಯನ್ನೇ ಒಲೆಯ ಮೇಲಿಟ್ಟು ಬಿಸಿ ಮಾಡುವ ಅಭ್ಯಾಸ ಬೇಡ. ಒಳಗಿನ ಲೇಪನ ಅದಕ್ಕಾಗಿ ಮಾಡಿದ್ದಲ್ಲ.

ಫ್ರಿಜ್ಜಿನಲ್ಲಿ ಸಾಮಾನ್ಯರಿಗೆ ಮೂರು ನಾಲ್ಕು ದಿನದ ಗಡುವು. ನಿಮಗೆ ನಾನು ಅಷ್ಟು ಕೊಡುವುದಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಗರ್ಭಿಣಿಯರಿಗೆ ಅದು ಅಪಾಯ. ಆಗಷ್ಟೇ ತೆರೆದ ಡಬ್ಬಿಯನ್ನು ತಣ್ಣಗೇ ತಿನ್ನಿ, ತೊಂದರೆಯಿಲ್ಲ. ಉಳಿದದ್ದನ್ನು ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಿ. ಆಗ ಅದು ಒಣಗಿದರೂ ಒಣಗಲಿ. ಅದಕ್ಕಿಂತ ಚಿಕ್ಕ ಡಬ್ಬಿ ಕೊಂಡು ಒಂದೇ ಊಟಕ್ಕೆ ಮುಗಿಸುವುದು ಜಾಣತನ.

ಸರಿ, ಅಡುಗೆ. ನಿಮ್ಮ ಬಳಿ ಎರಡು ಬಗೆ ಇರುವುದು ಒಳ್ಳೆಯದೇ ಆಯಿತು; ಎರಡರ ಸ್ವಭಾವ ಬೇರೆ, ಉಪಯೋಗವೂ ಬೇರೆ. ‘ಎಣ್ಣೆಯದು ಕೆಟ್ಟದ್ದು, ನೀರಿನದು ಒಳ್ಳೆಯದು’ ಎಂದು ಭಾಗ ಮಾಡುವವರ ಜೊತೆ ನಾನಿಲ್ಲ. ಎಣ್ಣೆ ಬಸಿದ ನಂತರವೂ ಅದರಲ್ಲಿ ಕ್ಯಾಲೊರಿ ಹೆಚ್ಚು ಎನ್ನುವುದು ಹೌದು, ನೂರು ಗ್ರಾಮಿಗೆ 190ರ ಸುಮಾರು. ನೀರಿನದು ನೂರರ ಆಸುಪಾಸು. ಮೀನಿನ ಒಮೆಗಾ-3 ಸ್ವಲ್ಪ ಎಣ್ಣೆಗೆ ಇಳಿದಿರುತ್ತದೆ ಎಂಬುದೂ ಹೌದು. ಪರಿಹಾರ ಸುಲಭ: ಎಣ್ಣೆಯನ್ನು ಚೆಲ್ಲಬೇಡಿ, ಅದರಲ್ಲೇ ಅಡುಗೆ ಮಾಡಿ, ಬೇರೆ ಎಣ್ಣೆ ಹಾಕಬೇಡಿ.

ಎಣ್ಣೆಯ ಡಬ್ಬಿಗೆ ನನ್ನ ನೆಚ್ಚಿನದು ಹೀಗೆ. ಡಬ್ಬಿಯ ಎಣ್ಣೆಯನ್ನು ಬಾಣಲೆಗೆ ಬಸಿದು, ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಬಾಡಿಸಿ. ಒಂದು ಒಣಮೆಣಸಿನಕಾಯಿ ಮುರಿದು ಹಾಕಿ. ಹೆಚ್ಚಿದ ಎರಡು ಟೊಮೆಟೊ ಸೇರಿಸಿ ಅವು ಕರಗಿ ಗೊಜ್ಜಾಗುವವರೆಗೆ ಬೇಯಿಸಿ. ಒಲೆ ಆರಿಸಿ. ಈಗ, ಒಲೆ ಆರಿಸಿದ ಮೇಲೆ, ಟ್ಯೂನಾ ಹಾಕಿ, ಮುರಿದು ಪುಡಿ ಮಾಡದೆ ದೊಡ್ಡ ಹೋಳಾಗಿಯೇ ಇರುವಂತೆ ಒಂದೆರಡು ಸಲ ಮಗುಚಿ, ಎರಡು ನಿಮಿಷ ಮುಚ್ಚಿಡಿ. ಬಿಸಿ ಅನ್ನಕ್ಕೂ ಸೈ, ಪಾಸ್ತಾಕ್ಕೂ ಸೈ. ಪಾಸ್ತಾ ಬೇಯುವಷ್ಟರಲ್ಲಿ ಇದು ತಯಾರಾಗಿರುತ್ತದೆ. ಬಡಿಸುವ ಮೊದಲು ನಿಂಬೆ ಹಿಂಡಲು ಮರೆಯಬೇಡಿ. ಅದು ಬರೀ ರುಚಿಗಲ್ಲ: ಮೀನಿನ ನಾತಕ್ಕೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್ ಎಂಬ ಕ್ಷಾರ ಸ್ವಭಾವದ ವಸ್ತು, ಹುಳಿ ತಾಗಿದರೆ ಅದು ಗಾಳಿಗೆ ಏರದಂತೆ ಕಟ್ಟಿಹೋಗುತ್ತದೆ. ನಿಮ್ಮ ಮನೆಯೆಲ್ಲ ವಾಸನೆ ತುಂಬಿದ್ದು ಹುಳಿಯಿಲ್ಲದೆ ಇಪ್ಪತ್ತು ನಿಮಿಷ ಕುದಿಸಿದ್ದರಿಂದ.

ನೀರಿನ ಡಬ್ಬಿ ಕಲಸುವ ಅಡುಗೆಗೆ. ನೀರು ಬಸಿದ ಟ್ಯೂನಾಕ್ಕೆ ಮೂರು ಚಮಚ ಗಟ್ಟಿ ಮೊಸರು, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೌತೆಕಾಯಿ, ಕುಟ್ಟಿದ ಕರಿಮೆಣಸು, ಅರ್ಧ ನಿಂಬೆಹಣ್ಣಿನ ರಸ. ಬ್ರೆಡ್ಡಿನ ನಡುವೆ ಇಟ್ಟರೆ ಊಟ ಮುಗಿಯಿತು. ಇಲ್ಲಿ ಬಹುತೇಕರು ಮೇಯನೇಸ್ ಹಾಕುತ್ತಾರೆ. ಅಂಗಡಿಯ ಮೇಯನೇಸ್ ಸಾಮಾನ್ಯವಾಗಿ ಪಾಶ್ಚರೀಕರಿಸಿದ ಮೊಟ್ಟೆಯದು, ಅಡ್ಡಿಯಿಲ್ಲ. ಮನೆಯಲ್ಲಿ ಹಸಿ ಮೊಟ್ಟೆಯಿಂದ ಮಾಡಿದ್ದು ನಿಮಗೆ ಈಗ ಬೇಡ. ಬೇಯಿಸಿದ ಬೀನ್ಸ್ ಕಾಳು, ಈರುಳ್ಳಿ, ಒಂದು ಚಮಚ ವಿನೆಗರ್ ಹಾಕಿಯೂ ಇದನ್ನೇ ಮಾಡಬಹುದು. ಅದು ಮಧ್ಯಾಹ್ನದ ಬುತ್ತಿಗೂ ಆಗುತ್ತದೆ, ಕಚೇರಿಯಲ್ಲಿ ಫ್ರಿಜ್ ಇದ್ದರೆ ಮಾತ್ರ.

ಮಗನಿಗೆ ಟಿಕ್ಕಿ ಹಿಡಿಸೀತು. ಬೇಯಿಸಿ ಮಸೆದ ಮೂರು ಆಲೂಗಡ್ಡೆ, ನೀರಿನ ಒಂದು ಡಬ್ಬಿ ಟ್ಯೂನಾ, ಒಂದು ಮೊಟ್ಟೆ, ಈರುಳ್ಳಿ, ಮೆಣಸು. ಇಲ್ಲಿ ಮಾತ್ರ ಟ್ಯೂನಾವನ್ನು ಅಂಗೈಯಲ್ಲಿಟ್ಟು ಚೆನ್ನಾಗಿ ಹಿಂಡಬೇಕು, ಇಲ್ಲದಿದ್ದರೆ ಕಾವಲಿಯ ಮೇಲೆ ಒಡೆದುಹೋಗುತ್ತದೆ. ಎಂಟು ಟಿಕ್ಕಿಯಾಗುತ್ತವೆ, ಒಂದೊಂದು ಮಗ್ಗುಲು ಮೂರು ನಾಲ್ಕು ನಿಮಿಷ, ಕೆಂಪಗೆ. ಮೂರನೆಯ ಸಲ ಬೆಂದರೂ ಇದು ಒಣಗುವುದಿಲ್ಲ, ಏಕೆಂದರೆ ಆಲೂಗಡ್ಡೆ ಮೀನನ್ನು ಸುತ್ತುವರಿದು ಬಿಸಿಯನ್ನು ತಾನು ತಾಳಿಕೊಳ್ಳುತ್ತದೆ. ಒಂದು ಡಬ್ಬಿಯಲ್ಲಿ ಎಂಟು ಎಂದರೆ ನಾಲ್ಕು ಟಿಕ್ಕಿಯಲ್ಲಿ ಮಗನ ಒಂದು ಪಾಲು ಅಡಗಿದೆ. ಮೀನೆಂದರೆ ಮುಖ ತಿರುಗಿಸುವ ಮಕ್ಕಳು ಇದನ್ನು ಕೇಳಿ ಕೇಳಿ ತಿಂದದ್ದನ್ನು ನೋಡಿದ್ದೇನೆ, ಹಾಗಾಗಿ ವಾರಕ್ಕೆ ಎರಡೇ ಸಲ ಎಂಬ ಲೆಕ್ಕ ನಿಮ್ಮ ತಲೆಯಲ್ಲಿರಲಿ.

ನಿಮ್ಮ ಮೂಲ ಆಸೆ, ಈರುಳ್ಳಿ ಮಸಾಲೆಯದು, ಅದನ್ನೂ ಕೈಬಿಡಬೇಕಿಲ್ಲ. ಈರುಳ್ಳಿ, ಟೊಮೆಟೊ, ಮಸಾಲೆಯನ್ನು ಟ್ಯೂನಾ ಇಲ್ಲದೆಯೇ ಹದಿನೈದು ನಿಮಿಷ ಹುರಿದು, ಎಣ್ಣೆ ಬಿಡುವವರೆಗೆ ಬೇಯಿಸಿ ಮುಗಿಸಿ. ರುಚಿಯೆಲ್ಲ ಅಲ್ಲೇ ಆಗಬೇಕು. ಡಬ್ಬಿಯ ಟ್ಯೂನಾ ಸೇರಿಸುವುದು ಅದಾದ ಮೇಲೆ, ತಟ್ಟೆಗಳನ್ನು ಮೇಜಿಗೆ ಇಡುವಾಗ.